ಹಳೆಯ ಸ್ಕ್ಯಾನನ್ನು ಕೇಳಿ ಪಡೆಯುವ ಕೇಂದ್ರ: ಶಿವಮೊಗ್ಗದಲ್ಲಿ ನನ್ನ ಐದು ಸಿ.ಟಿ.ಗಳು

ಶಿವಮೊಗ್ಗ ನಗರದ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ 2023ರ ಮಾರ್ಚ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ನಾನು ಐದು ಬಾರಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡಿದ್ದೇನೆ. ಆ ಕೇಂದ್ರದ ಕೆಲಸವನ್ನು ಕುರಿತು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಹೊಗಳಿಕೆ, ದೂರು ಎರಡನ್ನೂ ಮುಕ್ತವಾಗಿ ಬರೆಯಬೇಕೆಂಬ ಕಾರಣಕ್ಕೆ ಹೆಸರನ್ನು ಬಿಟ್ಟಿದ್ದೇನೆ. ನಿಧಾನವಾಗಿ ಬೆಳೆಯುವ ಶ್ವಾಸಕೋಶದ ಕ್ಯಾನ್ಸರನ್ನು ಒಳಗಿಟ್ಟುಕೊಂಡು ಬದುಕುತ್ತಿರುವವರಿಗೆ ಸ್ಕ್ಯಾನಿಂಗ್ ಕೇಂದ್ರವೆಂಬುದು ಒಮ್ಮೆ ಹೋಗಿ ಬರುವ ಜಾಗವಲ್ಲ. ಅಲ್ಲಿನ ಒಂದು ಸಣ್ಣ ಅಸಡ್ಡೆ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಿದ್ದೆ ಕೆಡಿಸಬಲ್ಲದು. ಅದನ್ನು ಅನುಭವಿಸಿದ ಮೇಲೆಯೇ ನಾನು ಈ ಕೇಂದ್ರಕ್ಕೆ ಬಂದದ್ದು.

ನನ್ನ ಕಾಯಿಲೆಯ ವಿಷಯವನ್ನು ಮೊದಲು ಹೇಳದಿದ್ದರೆ ಮುಂದಿನ ಮಾತುಗಳು ಅರ್ಥವಾಗುವುದಿಲ್ಲ. ನಾನು ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ. ಬೀಡಿ ಸಿಗರೇಟುಗಳ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. 2021ರ ಮೇ ತಿಂಗಳಿನಲ್ಲಿ ಕೋವಿಡ್ ಬಂದಾಗ ಮಾಡಿಸಿದ ಸಿ.ಟಿ.ಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಮಸುಕಾದ ಕಲೆಗಳು ಕಂಡವು. ಕೋವಿಡ್‌ನಲ್ಲಿ ಅವು ಬಹಳ ಜನರಿಗೆ ಕಾಣುತ್ತಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ತಿಂಗಳ ನಂತರ ಮತ್ತೆ ನೋಡಿದಾಗ ಉಳಿದವೆಲ್ಲ ಕರಗಿದ್ದವು, ಎರಡು ಮಾತ್ರ ಹಾಗೆಯೇ ಇದ್ದವು: ಎಡಗಡೆ ಮೇಲ್ಭಾಗದಲ್ಲಿ ದೊಡ್ಡದೊಂದು, ಬಲಗಡೆ ಮೇಲ್ಭಾಗದಲ್ಲಿ ಚಿಕ್ಕದೊಂದು. ಕ್ಷಯವಿರಬಹುದೆಂಬ ಅನುಮಾನದ ಮೇಲೆ ಕಫ ಪರೀಕ್ಷೆಗಳಾದವು, ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ (ಸಕ್ಕರೆಯಂತಹ ವಿಕಿರಣ ವಸ್ತುವನ್ನು ಚುಚ್ಚಿ, ಅದನ್ನು ಹೆಚ್ಚು ಹೀರುವ ಜಾಗಗಳು ಹೊಳೆಯುವಂತೆ ತೋರಿಸುವ ಸ್ಕ್ಯಾನ್) ಆಯಿತು. 2022ರ ಫೆಬ್ರುವರಿಯಲ್ಲಿ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎಡ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅಂದರೆ ಮೇಲಿನ ವಿಭಾಗವನ್ನು, ತೆಗೆದರು. ಅದು ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್ ಎಂದೂ, ಗಾಳಿಗೂಡುಗಳ ಗೋಡೆಯನ್ನು ಅಂಟಿಕೊಂಡು ಹರಡುವ ನಿಧಾನದ ಜಾತಿಯದೆಂದೂ, ದುಗ್ಧಗ್ರಂಥಿಗಳಿಗೆ ಹೋಗಿಲ್ಲವೆಂದೂ ವರದಿ ಬಂತು.

ಬಲಗಡೆಯ ಚಿಕ್ಕದನ್ನು ಹಾಗೆಯೇ ಬಿಟ್ಟರು. ಅದೂ ಅದೇ ಬಳಗಕ್ಕೆ ಸೇರಿದ್ದೆಂದು ಅದರ ರೂಪದಿಂದ ವೈದ್ಯರ ಅಂದಾಜು; ಆದರೆ ಸೂಜಿ ಹಾಕಿ ನೋಡಲು ತೀರಾ ಚಿಕ್ಕದು, ಪೆಟ್ ಸ್ಕ್ಯಾನಿನಲ್ಲಿ ಅದು ಹೊಳೆಯಲೂ ಇಲ್ಲ. ಇಂತಹ ನಿಧಾನದ ಗಂಟುಗಳು ಸಕ್ಕರೆಯನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಪೆಟ್‌ನಲ್ಲಿ ಕಾಣದೆ ಹೋಗುವುದು ಸಾಮಾನ್ಯವಂತೆ. ಸಿ.ಟಿ.ಯಲ್ಲಿ ಅದು ಕಾಣುವ ರೀತಿಗೆ ‘ಗ್ರೌಂಡ್ ಗ್ಲಾಸ್’ ಎನ್ನುತ್ತಾರೆ, ಉಜ್ಜಿದ ಗಾಜಿನಂತೆ ಮಸುಕು ಎಂದು ಅರ್ಥ. ಆ ಮಸುಕಿನೊಳಗಿನಿಂದಲೇ ರಕ್ತನಾಳಗಳ ಗೆರೆಗಳು ಕಾಣುತ್ತವೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಮಾಗಿಯ ಬೆಳಗಿನಲ್ಲಿ ಮಂಜು ಮುಸುಕಿದ ತೋಟದಲ್ಲಿ ಅಡಿಕೆ ಮರಗಳ ಗೆರೆ ಮಾತ್ರ ಕಾಣುತ್ತದಲ್ಲ, ಹಾಗೆ. ಆ ಮಂಜಿನ ನಡುವೆ ಗಟ್ಟಿಯಾದ ಭಾಗವೊಂದು ಹುಟ್ಟಿಕೊಂಡರೆ ಅಥವಾ ಗಂಟು ಗಣನೀಯವಾಗಿ ದೊಡ್ಡದಾದರೆ ಆಗ ಚಿಕಿತ್ಸೆ, ಅಲ್ಲಿಯವರೆಗೆ ನಿಗಾ. ಈಗಾಗಲೇ ಒಂದು ಹಾಲೆಯನ್ನು ಕಳೆದುಕೊಂಡಿರುವವಳ ಇನ್ನೊಂದು ಕಡೆಯ ಶ್ವಾಸಕೋಶಕ್ಕೆ ಅವಸರದಲ್ಲಿ ಕತ್ತರಿ ಹಾಕಬಾರದು ಎಂಬ ವೈದ್ಯರ ತೀರ್ಮಾನವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪಿಕೊಂಡಿದ್ದೇನೆ.

ಹೀಗಿರುವಾಗ ಸ್ಕ್ಯಾನ್ ಕೊಡಬೇಕಾದ ಉತ್ತರ ಒಂದೇ: ಹೋದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸವಿದೆಯೇ? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಎರಡೂ ಸ್ಕ್ಯಾನ್‌ಗಳು ಒಂದೇ ಬಗೆಯಲ್ಲಿ ಆಗಿರಬೇಕು ಮತ್ತು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಒಬ್ಬರು ನೋಡಿರಬೇಕು. ಯಂತ್ರ ಎಷ್ಟು ಹೊಸದು, ಕಾಯುವ ಕೋಣೆಯಲ್ಲಿ ಎ.ಸಿ. ಇದೆಯೇ ಎಂಬುದೆಲ್ಲ ಆಮೇಲಿನ ಮಾತು.

ಮೊದಲ ಎರಡು ನಿಗಾ ಸ್ಕ್ಯಾನ್‌ಗಳನ್ನು ನಾನು ಬೇರೊಂದು ಕಡೆ ಮಾಡಿಸಿದ್ದೆ. ಎರಡನೆಯದು 2023ರ ಫೆಬ್ರುವರಿಯಲ್ಲಿ, ಶಿವರಾತ್ರಿಯ ಹಿಂದಿನ ವಾರ. ಹಳೆಯ ಸೀಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ, ಕೌಂಟರಿನಲ್ಲಿ ಬೇಡವೆಂದರು. ಒಳಗೆ ಯಂತ್ರದ ಧ್ವನಿ ಇಂಗ್ಲಿಷಿನಲ್ಲಿ ಏನೋ ಹೇಳಿತು. ನಾನು ಅರ್ಥ ಮಾಡಿಕೊಂಡು ಉಸಿರೆಳೆಯುವಷ್ಟರಲ್ಲಿ ಮೇಜು ಚಲಿಸತೊಡಗಿತ್ತು. ಸಂಜೆ ಬಂದ ವರದಿಯಲ್ಲಿ ಬಲಗಡೆಯ ಗಂಟು 9 ಮಿ.ಮೀ.ಯಿಂದ 13 ಮಿ.ಮೀ.ಗೆ ಬೆಳೆದಿದೆ ಎಂದು ಬರೆದಿತ್ತು. ವೈದ್ಯರನ್ನು ಕಾಣಲು ಮೂರು ವಾರಗಳ ನಂತರದ ದಿನ ಸಿಕ್ಕಿತು. ಆ ಮೂರು ವಾರಗಳಲ್ಲಿ ನಾನು ಮಗಳಿಗೆ ಏನೂ ಹೇಳಲಿಲ್ಲ. ನಮ್ಮ ಯಜಮಾನರು ರಾತ್ರಿ ಎದ್ದು ಜಗಲಿಯಲ್ಲಿ ಕೂತಿರುತ್ತಿದ್ದರು, ನಾನು ಒಳಗೆ ಎಚ್ಚರವಾಗಿಯೇ ಇದ್ದುಕೊಂಡು ನಿದ್ದೆಯಲ್ಲಿದ್ದೇನೆಂಬಂತೆ ಮಲಗಿರುತ್ತಿದ್ದೆ. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ, ಯಾವ ಸೊಸೈಟಿಯಲ್ಲಿ ಎಷ್ಟು ಇದೆ, ಯಾರಿಂದ ಎಷ್ಟು ಬರಬೇಕು ಎಂಬುದನ್ನೆಲ್ಲ ಬರೆದಿಟ್ಟೆ.

ವೈದ್ಯರು ಸೀಡಿ ಹಾಕಿ ನೋಡಿದವರೇ ತಲೆಯಲ್ಲಾಡಿಸಿದರು. ಚಿತ್ರಗಳನ್ನು 5 ಮಿ.ಮೀ. ದಪ್ಪದ ಪದರಗಳಲ್ಲಿ ತೆಗೆದಿಟ್ಟಿದ್ದರು, 9 ಮಿ.ಮೀ.ಯ ವಸ್ತು ಅಂತಹ ಎರಡು ಮೂರು ಪದರಗಳಲ್ಲಿ ಮುಗಿದುಹೋಗುತ್ತದೆ, ಅದರ ಅಂಚು ಎಲ್ಲಿ ಎಂಬುದೇ ತಿಳಿಯುವುದಿಲ್ಲ. ಒಂದು ಗೋಟಡಿಕೆಯನ್ನು ಗೇಣಿನಿಂದ ಅಳೆದ ಹಾಗಾಯಿತು. ಅದರ ಮೇಲೆ ಉಸಿರು ಅರ್ಧವೇ ತುಂಬಿದ್ದರಿಂದ ಶ್ವಾಸಕೋಶ ಪೂರ್ತಿ ಅರಳಿರಲಿಲ್ಲ, ಗಂಟಿನ ಸುತ್ತಲಿನ ಭಾಗವೂ ಮಸುಕಾಗಿ ಅದರೊಡನೆ ಬೆರೆತುಹೋಗಿತ್ತು. ತೆಳು ಪದರದಲ್ಲಿ ಮತ್ತೊಮ್ಮೆ ಮಾಡಿಸಿರೆಂದು ಚೀಟಿಯ ಮೇಲೆ ಬರೆದುಕೊಟ್ಟು ಈಗಿನ ಕೇಂದ್ರಕ್ಕೆ ಕಳಿಸಿದರು. ಮಾರ್ಚ್‌ನಲ್ಲಿ ಅಲ್ಲಿ ಮಾಡಿಸಿದಾಗ ಬಂದ ಅಳತೆ 9 ಮಿ.ಮೀ. ಅಂದರೆ 2022ರ ಜನವರಿಯಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ, ಎಷ್ಟಿತ್ತೋ ಅಷ್ಟೇ.

ಈ ಕೇಂದ್ರದಲ್ಲಿ ನನಗೆ ಮೊದಲು ಇಷ್ಟವಾದದ್ದು, ಹೆಸರು ಬರೆಸುವಾಗಲೇ ಹಳೆಯ ಸೀಡಿಗಳನ್ನು ಅವರೇ ಕೇಳಿದ್ದು. ಎಲ್ಲವನ್ನೂ ತಮ್ಮ ಗಣಕಕ್ಕೆ ಹಾಕಿಕೊಂಡು, ತೆರೆದುಕೊಂಡಿವೆಯೇ ಎಂದು ನೋಡಿ, ಆನಂತರವೇ ಹಿಂದಿರುಗಿಸುತ್ತಾರೆ. ಚೀಟಿಯಲ್ಲಿ ಬರೆದದ್ದನ್ನು ಓದುತ್ತಾರೆ. ಒಮ್ಮೆ ಬಿಲ್ಲಿನಲ್ಲಿ ತಪ್ಪಿ ಔಷಧ ಚುಚ್ಚಿ ಮಾಡುವ ಸ್ಕ್ಯಾನ್ ಎಂದು ನಮೂದಾಗಿದ್ದಾಗ, ಟೆಕ್ನೀಷಿಯನ್ ಅದನ್ನು ಗಮನಿಸಿ ನಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ ಸರಿಪಡಿಸಿದರು. ಗಂಟಿನ ಗಾತ್ರವನ್ನು ನೋಡುವುದಷ್ಟಕ್ಕೆ ಆ ಔಷಧ ಬೇಕಿಲ್ಲ. ಸುಮ್ಮನೆ ಹಾಕಿಸಿಕೊಂಡರೆ ಹಣವೂ ಹೆಚ್ಚು, ಮೂತ್ರಪಿಂಡದ ತೊಂದರೆಯಿರುವವರಿಗೆ ಅಪಾಯವೂ ಹೌದು.

ಒಳಗಿನ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ. ಎದೆಯ ಸಿ.ಟಿ.ಗೆ ಕೊರಳಿನಲ್ಲಿ ಲೋಹ ಇರಕೂಡದು, ಇದ್ದರೆ ಚಿತ್ರದ ಮೇಲೆ ಗೀರುಗಳು ಬೀಳುತ್ತವೆ. ನನ್ನ ವಯಸ್ಸಿನ ಹೆಂಗಸರಿಗೆ ಕರಿಮಣಿ ಸರ ತೆಗೆಯುವುದು ಎಂತಹ ಸಂಕಟದ ಕೆಲಸವೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮೊದಲಿನ ಜಾಗದಲ್ಲಿ ‘ಬೇಗ ತೆಗೀರಿ’ ಎಂದು ಗದರಿ, ಒಂದು ಸ್ಟೀಲಿನ ತಟ್ಟೆಗೆ ಹಾಕಿಸಿಕೊಂಡಿದ್ದರು. ಇಲ್ಲಿ ಬಟ್ಟೆ ಬದಲಾಯಿಸುವ ಕೋಣೆಯಲ್ಲಿರುವ ಸಹಾಯಕಿ ನನ್ನ ಕೊರಳಿನತ್ತ ನೋಡಿ, ಮೇಜಿನ ಡ್ರಾಯರಿನಿಂದ ಅರಿಶಿನದ ಕೊಂಬು ಕಟ್ಟಿದ ಹಳದಿ ದಾರವೊಂದನ್ನು ತೆಗೆದು, ‘ಇದನ್ನ ಕಟ್ಕೊಳ್ಳಿ ಅಮ್ಮಾ, ಆಮೇಲೆ ಅದನ್ನ ತೆಗೀರಿ’ ಎಂದರು. ಸರವನ್ನು ಹಾಕಲು ಬಾಯಿಗೆ ದಾರವಿರುವ ಒಂದು ಚಿಕ್ಕ ಬಟ್ಟೆ ಚೀಲವನ್ನು ಕೊಟ್ಟು, ಅದನ್ನು ಹೊರಗೆ ಕೂತಿದ್ದ ಯಜಮಾನರ ಕೈಗೆ ನನ್ನೆದುರಿಗೇ ಕೊಟ್ಟು ಬಂದರು. ಇದನ್ನು ಯಾವ ಆಡಳಿತವೂ ಆಕೆಗೆ ಹೇಳಿಕೊಟ್ಟಿರಲಾರದು. ಐದು ಸಲವೂ ಆಕೆಯೇ ಇದ್ದರು, ಐದು ಸಲವೂ ದಾರ ಸಿದ್ಧವಿತ್ತು.

ಮೇಜಿನ ಮೇಲೆ ಮಲಗಿ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಬೇಕು. ಶಸ್ತ್ರಚಿಕಿತ್ಸೆಯಾದ ನಂತರ ನನ್ನ ಎಡಗೈ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಟೆಕ್ನೀಷಿಯನ್ ಮೊಣಕೈ ಕೆಳಗೆ ಒಂದು ದಿಂಬಿಟ್ಟು, ಮಂಡಿಗಳ ಕೆಳಗೆ ಇನ್ನೊಂದನ್ನಿಟ್ಟರು. ಆಮೇಲೆ ಯಂತ್ರವನ್ನು ಚಾಲೂ ಮಾಡದೆ ಪಕ್ಕದಲ್ಲಿಯೇ ನಿಂತು, ‘ಅಮ್ಮಾ, ಮೂರು ಸಲ ಅಭ್ಯಾಸ ಮಾಡೋಣ. ಉಸಿರು ಪೂರ್ತಿ ಎಳ್ಕೊಳ್ಳಿ… ಇನ್ನೂ ಸ್ವಲ್ಪ… ಹಾಗೇ ಹಿಡ್ಕೊಳ್ಳಿ’ ಎಂದು ಹತ್ತರವರೆಗೆ ಎಣಿಸಿದರು. ಮೊದಲ ಸಲ ಆರಕ್ಕೇ ಬಿಟ್ಟುಬಿಟ್ಟೆ. ಎರಡನೆಯ ಸಲ ಕೆಮ್ಮು ಬಂತು. ಅವರು ಅವಸರಪಡಿಸದೆ ಎಬ್ಬಿಸಿ ಕೂರಿಸಿ ಬಿಸಿನೀರು ಕುಡಿಸಿದರು. ಮೂರನೆಯ ಸಲ ಹತ್ತು ತಲುಪಿದೆ. ಆಮೇಲೆ ಒಳಗಿನ ಕೋಣೆಗೆ ಹೋಗಿ, ಯಂತ್ರದಲ್ಲಿ ಮೊದಲೇ ಮುದ್ರಿಸಿಟ್ಟ ಧ್ವನಿಯನ್ನು ಬಳಸದೆ, ಮೈಕಿನಲ್ಲಿ ತಮ್ಮದೇ ಧ್ವನಿಯಲ್ಲಿ ಅದೇ ಮಾತುಗಳನ್ನು ಅದೇ ಕ್ರಮದಲ್ಲಿ ಹೇಳಿದರು. ಯಂತ್ರ ಸುತ್ತುವ ಸದ್ದಿನ ನಡುವೆ ಪರಿಚಿತವಾದ ಒಂದು ಕನ್ನಡದ ಧ್ವನಿ ‘ಹಿಡ್ಕೊಳ್ಳಿ ಹಿಡ್ಕೊಳ್ಳಿ’ ಎನ್ನುತ್ತಿದ್ದರೆ ಎದೆಯಲ್ಲಿ ಗಾಳಿ ತಾನಾಗಿ ನಿಲ್ಲುತ್ತದೆ. ನನಗಿಂತ ಮುಂಚೆ ಒಳಗೆ ಹೋಗಿದ್ದ ಹೊಸನಗರದ ಕಡೆಯ ಅಜ್ಜಿಯೊಬ್ಬರಿಗೂ ಇದೇ ಅಭ್ಯಾಸವನ್ನು ಮಾಡಿಸಿದ್ದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದ್ದೆ, ಆದ್ದರಿಂದ ಇದು ಓದುಬರಹ ಬಲ್ಲವರಿಗೆ ಮಾತ್ರ ಸಿಗುವ ಉಪಚಾರವಲ್ಲವೆಂದು ಖಚಿತವಾಗಿ ಹೇಳಬಲ್ಲೆ.

ತೆಳು ಪದರದ ವಿಷಯದಲ್ಲಿ ಇವರು ಒಂದು ಸಲವೂ ತಪ್ಪಿಲ್ಲ. ಫ್ಲೈಷ್ನರ್ ಸೊಸೈಟಿ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಘ 2017ರಲ್ಲಿ ಹೊರತಂದ ಮಾರ್ಗಸೂಚಿ, ಪದರದ ದಪ್ಪ 1.5 ಮಿ.ಮೀ.ಗಿಂತ ಹೆಚ್ಚಿರಬಾರದೆಂದೂ ಸಾಮಾನ್ಯವಾಗಿ 1 ಮಿ.ಮೀ. ಇರಬೇಕೆಂದೂ ಹೇಳುತ್ತದೆ. ಆಕಸ್ಮಿಕವಾಗಿ ಕಂಡ ಗಂಟುಗಳಿಗಾಗಿ ಬರೆದ ಮಾರ್ಗಸೂಚಿ ಅದು. ಈಗಾಗಲೇ ಕ್ಯಾನ್ಸರ್ ಆಗಿರುವ ನನ್ನಂತಹವರ ನಿಗಾ ಕ್ರಮವನ್ನು ಅವರವರ ವೈದ್ಯರೇ ನಿರ್ಧರಿಸುತ್ತಾರೆ. ಆದರೂ ಅಳತೆ ಮಾಡುವ ಬಗೆಯ ಕುರಿತು ಅದು ಹೇಳುವ ಮಾತು ನಮಗೂ ಸಲ್ಲುತ್ತದೆ. ಈ ಕೇಂದ್ರದ ವರದಿಯಲ್ಲಿ ಗಂಟಿನ ಉದ್ದ, ಅಗಲ, ಅವುಗಳ ಸರಾಸರಿ, ಗಟ್ಟಿ ಭಾಗ ಇದೆಯೇ ಇಲ್ಲವೇ, ಯಾವ ಸರಣಿಯ ಎಷ್ಟನೆಯ ಚಿತ್ರದಲ್ಲಿ ಅಳೆದದ್ದು ಎಂಬುದೆಲ್ಲ ಒಂದು ಕೋಷ್ಟಕದಲ್ಲಿರುತ್ತದೆ, ಹಿಂದಿನ ಎಲ್ಲ ತಾರೀಖುಗಳ ಅಳತೆಗಳೊಂದಿಗೆ. ನನ್ನ ಸಾಲು ಹೀಗಿದೆ: 2023ರ ಮಾರ್ಚ್‌ನಲ್ಲಿ 9, ಆಮೇಲಿನ ಮೂರು ಸ್ಕ್ಯಾನ್‌ಗಳಲ್ಲಿ 10, 2025ರ ಸೆಪ್ಟೆಂಬರ್‌ನಲ್ಲಿ 11. ಗಟ್ಟಿ ಭಾಗ ಎಂಬ ಕಡೆ ಐದೂ ಸಲ ‘ಇಲ್ಲ’.

ಈ ಅಂಕಿಗಳನ್ನು ಹೇಗೆ ಓದಬೇಕೆಂದು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರು, ನನ್ನನ್ನು ಒಳಗೆ ಕರೆದು ಹೇಳಿಕೊಟ್ಟರು. ಎಡಗಡೆಯ ಪರದೆಯಲ್ಲಿ ಹಳೆಯ ಸ್ಕ್ಯಾನ್, ಬಲಗಡೆಯದರಲ್ಲಿ ಹೊಸದು. ಮೌಸಿನ ಚಕ್ರವನ್ನು ತಿರುಗಿಸಿದರೆ ಎರಡೂ ಒಟ್ಟಿಗೆ ಕೆಳಗಿಳಿಯುತ್ತಿದ್ದವು, ಕೊರಳೆಲುಬು ಬಂದು ಹೋಯಿತು, ಶ್ವಾಸನಾಳ ಕವಲೊಡೆಯಿತು, ಅದೇ ಎತ್ತರದಲ್ಲಿ ಎರಡೂ ಕಡೆ ಅದೇ ಮಸುಕು ಚುಕ್ಕೆ ಕಾಣಿಸಿಕೊಂಡಿತು. ನನ್ನೊಳಗಿರುವುದನ್ನು ನಾನು ಮೊದಲ ಬಾರಿಗೆ ಸರಿಯಾಗಿ ಕಂಡದ್ದು ಆಗ. ಹೆದರಿಕೆ ಕಡಿಮೆಯಾಯಿತೆಂದು ಹೇಳಲಾರೆ, ಆದರೆ ಹೆದರಿಕೆಗೆ ಒಂದು ಅಳತೆ ಸಿಕ್ಕಿತು. 2 ಮಿ.ಮೀ.ಗಿಂತ ಕಡಿಮೆಯ ವ್ಯತ್ಯಾಸ ಅಳೆಯುವವರ ಕೈಯ ಏರುಪೇರಿನಿಂದಲೂ ಬರಬಹುದಾದ್ದರಿಂದ 9 ರಿಂದ 10 ಆದದ್ದನ್ನು ಬೆಳವಣಿಗೆ ಎನ್ನುವ ಹಾಗಿಲ್ಲ. ಈಗ 11 ಆಗಿರುವುದರಿಂದ ಬೆಳೆಯುತ್ತಿದೆ ಎಂದೇ ತಿಳಿಯಬೇಕು, ಆದರೆ ಬಹಳ ನಿಧಾನವಾಗಿ. ಗೋಳದ ವ್ಯಾಸ ನೂರಕ್ಕೆ 26ರಷ್ಟು ಹೆಚ್ಚಿದರೆ ಅದರ ಘನಗಾತ್ರ ಎರಡರಷ್ಟಾಗುತ್ತದೆಂಬುದು ನಾನೇ ಮಕ್ಕಳಿಗೆ ಕಲಿಸಿದ ಗಣಿತ. 9 ಮಿ.ಮೀ.ಯದು ದುಪ್ಪಟ್ಟಾಗಲು ಸುಮಾರು 11.3 ಮಿ.ಮೀ. ಆಗಬೇಕು. ಅಂದರೆ 2022ರ ಜನವರಿಯಿಂದ ಸುಮಾರು ಮೂರೂಮುಕ್ಕಾಲು ವರ್ಷಗಳಾದರೂ ಅದು ಇನ್ನೂ ದುಪ್ಪಟ್ಟಾಗಿಲ್ಲ. ದುಪ್ಪಟ್ಟಾಗಲು 400 ದಿನಗಳಿಗಿಂತ ಹೆಚ್ಚು ತೆಗೆದುಕೊಳ್ಳುವುದನ್ನು ವೈದ್ಯರು ನಿಧಾನದ್ದೆಂದು ಎಣಿಸುತ್ತಾರಾದ್ದರಿಂದ, ನನ್ನದು ನಿಧಾನದಲ್ಲಿಯೂ ನಿಧಾನದ್ದು. 2024ರ ಸೆಪ್ಟೆಂಬರ್ ನಂತರ ನಮ್ಮ ವೈದ್ಯರು ಆರು ತಿಂಗಳ ಅಂತರವನ್ನು ಒಂದು ವರ್ಷಕ್ಕೆ ಏರಿಸಿದ್ದು ಈ ಕೋಷ್ಟಕವನ್ನು ನಂಬಿಯೇ.

ಇಷ್ಟೊಂದು ಸ್ಕ್ಯಾನ್ ಮಾಡಿಸಿದರೆ ವಿಕಿರಣದಿಂದಲೇ ಮತ್ತೊಂದು ಕಾಯಿಲೆ ಬಾರದೇ ಎಂದು ನಮ್ಮ ಊರಿನಲ್ಲಿ ಕೇಳದವರಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಈ ಕೇಂದ್ರದವರು ವಿಕಿರಣದ ಪ್ರಮಾಣವಿರುವ ಪುಟವನ್ನೂ ಸೀಡಿಯಲ್ಲಿ ಸೇರಿಸಿ ಕೊಡುತ್ತಾರೆ, ಅದರಲ್ಲಿ ಡಿ.ಎಲ್.ಪಿ. ಎಂಬ ಅಂಕಿಯಿರುತ್ತದೆ, ಇಡೀ ಸ್ಕ್ಯಾನಿನಲ್ಲಿ ಯಂತ್ರ ಬಳಸಿದ ವಿಕಿರಣದ ಒಟ್ಟು ಲೆಕ್ಕ ಅದು. ಎದೆಯ ಸ್ಕ್ಯಾನಾದರೆ ಅದನ್ನು 0.014ರಿಂದ ಗುಣಿಸಿದಾಗ ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಲೆಕ್ಕದಲ್ಲಿ ಸ್ಥೂಲವಾದ ಪ್ರಮಾಣ ಸಿಗುತ್ತದೆ. ಇಲ್ಲಿ ನನ್ನದು 110ರ ಆಸುಪಾಸು ಇರುತ್ತದೆ, ಅಂದರೆ ಸುಮಾರು 1.5. ಭೂಮಿಯ ಮೇಲೆ ಬದುಕುವ ಮನುಷ್ಯನಿಗೆ ನೆಲ, ಗಾಳಿ, ಆಕಾಶಗಳಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗಿದ್ದರೂ ತಗಲುತ್ತದೆ. ಮೊದಲಿನ ಜಾಗದ ಸೀಡಿಯಲ್ಲಿ ಅದೇ ಅಂಕಿ 460 ಇತ್ತು, ಲೆಕ್ಕ ಹಾಕಿದರೆ 6.4. ಗಂಟನ್ನು ಹಿಂಬಾಲಿಸುವ ಸ್ಕ್ಯಾನಿಗೆ ಕಡಿಮೆ ಪ್ರಮಾಣ ಸಾಕೆಂದು ತಿಳಿದು ಯಂತ್ರವನ್ನು ಹಾಗೆ ಹೊಂದಿಸುವವರಿಗೂ, ಎಲ್ಲರಿಗೂ ಒಂದೇ ಗುಂಡಿ ಒತ್ತುವವರಿಗೂ ಇರುವ ವ್ಯತ್ಯಾಸವಿದು. ವರ್ಷ ವರ್ಷವೂ ಮಾಡಿಸಬೇಕಾದವರು ಈ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನನ್ನ ಕಳಕಳಿಯ ವಿನಂತಿ.

ಈಗ ದೂರುಗಳು. ಎಲ್ಲಕ್ಕಿಂತ ನೋವುಂಟುಮಾಡಿದ್ದು 2023ರ ಸೆಪ್ಟೆಂಬರ್‌ನಲ್ಲಿ ನಡೆದದ್ದು. ಜನ ತುಂಬಿದ್ದ ಕಾಯುವ ಕೋಣೆಯಲ್ಲಿ ಕೌಂಟರಿನ ಹುಡುಗ ಫೈಲನ್ನು ಎತ್ತಿ ಹಿಡಿದು, ‘ಲಂಗ್ ಕ್ಯಾನ್ಸರ್ ಪೇಷೆಂಟ್ ಯಾರು?’ ಎಂದು ಕೂಗಿದ. ಎದುರಿನ ಬೆಂಚಿನಲ್ಲಿ ನಮ್ಮ ಪಕ್ಕದ ಊರಿನವರು ಕೂತಿದ್ದರು. ನಾನು ಎದ್ದು ನಿಲ್ಲಲೇಬೇಕಾಯಿತು. ಅಲ್ಲಿಯವರೆಗೆ ಊರಿನಲ್ಲಿ ‘ಎದೆಯ ಆಪರೇಷನ್’ ಎಂದಷ್ಟೇ ತಿಳಿದಿತ್ತು. ವಾರದೊಳಗೆ ಮನೆಗೆ ಬರುವವರ ಮುಖದ ಭಾವವೇ ಬದಲಾಯಿತು. ನನ್ನ ಕಾಯಿಲೆಯ ಬಗ್ಗೆ ನನಗೆ ನಾಚಿಕೆಯಿಲ್ಲ, ಆದರೆ ಯಾರಿಗೆ ಯಾವಾಗ ಹೇಳಬೇಕೆಂಬ ಹಕ್ಕು ನನ್ನದಾಗಿತ್ತು. ವ್ಯವಸ್ಥಾಪಕರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಮುಂದಿನ ಸಲ ಹೋದಾಗ ಟೋಕನ್ ಸಂಖ್ಯೆ ಮಾತ್ರ ಕರೆಯುವ ಪದ್ಧತಿ ಬಂದಿತ್ತು, ಆ ಹುಡುಗ ತಾನಾಗಿಯೇ ಬಂದು ಕ್ಷಮೆ ಕೇಳಿದ. ಅದನ್ನೂ ಇಲ್ಲಿ ದಾಖಲಿಸಬೇಕು.

ವರದಿಯ ಸಮಯ ಇನ್ನೊಂದು ತೊಂದರೆ. ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊರಟು, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ತಲುಪಿ, ಒಂಬತ್ತೂವರೆಗೆ ಸ್ಕ್ಯಾನ್ ಮುಗಿಸಿದರೂ ವರದಿ ಕೈಗೆ ಬರುವುದು ಸಂಜೆ ಆರರ ನಂತರ. ರೇಡಿಯಾಲಜಿಸ್ಟ್ ರಜೆಯಲ್ಲಿದ್ದ ಒಂದು ಸಲ ಮರುದಿನ ಮತ್ತೆ ಬರಬೇಕಾಯಿತು. ಹಳ್ಳಿಯ ಕವಲುದಾರಿಗಳಿಗೆ ಹೋಗುವ ಕೊನೆಯ ಬಸ್ಸು ತಪ್ಪಿದರೆ ನಮಗೆ ರಾತ್ರಿ ಕಳೆಯಲು ನೆಂಟರ ಮನೆಯೇ ಗತಿ. ದೂರದವರ ವರದಿಯನ್ನು ಮೊದಲು ಮಾಡಿಕೊಡಿ, ಆಗದಿದ್ದರೆ ಮೊಬೈಲಿಗೆ ಕಳಿಸಿ ಎಂದು ಕೇಳಿದ್ದೇನೆ. ಮೊಬೈಲಿಗೆ ಕೊಂಡಿ (ಲಿಂಕ್) ಕಳಿಸುವ ವ್ಯವಸ್ಥೆ ಈಗ ಶುರುವಾಗಿದೆ, ಆದರೆ ಅದು 30 ದಿನಗಳಿಗೆ ಮುಚ್ಚಿಹೋಗುತ್ತದೆಂಬುದನ್ನು ಯಾರೂ ಹೇಳುವುದಿಲ್ಲ. ಚಿತ್ರಗಳನ್ನು ಕೂಡಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಫಿಲ್ಮುಗಳನ್ನು ಮಾತ್ರ ನಂಬಿಕೊಂಡಿದ್ದರೆ ಮುಂದೆ ಹೋಲಿಕೆಗೆ ಅವು ಸಾಲುವುದಿಲ್ಲ. ಎರಡನೆಯ ಮಹಡಿಯಲ್ಲಿರುವ ಕೇಂದ್ರಕ್ಕೆ ಲಿಫ್ಟ್ ಇದ್ದರೂ ಐದರಲ್ಲಿ ಎರಡು ಸಲ ಕೆಟ್ಟಿತ್ತು. ಶ್ವಾಸಕೋಶದ ರೋಗಿಗಳನ್ನು ಮೂವತ್ತೆಂಟು ಮೆಟ್ಟಿಲು ಹತ್ತಿಸಿ, ಆಮೇಲೆ ಉಸಿರು ಹಿಡಿಯಲು ಹೇಳುವುದು ಸರಿಯಲ್ಲ.

ಶುಲ್ಕ ಕಳೆದ ಸಲ 3,500 ರೂಪಾಯಿ ಆಯಿತು, ಸೀಡಿ ಸೇರಿ. ದುಬಾರಿ ಎನಿಸಲಿಲ್ಲ.

ಸ್ಕ್ಯಾನಿನ ತಿಂಗಳನ್ನು ಆಗಸ್ಟಿನಿಂದ ಸೆಪ್ಟೆಂಬರಿಗೆ ಬದಲಾಯಿಸಿಕೊಂಡದ್ದು ಕೂಡ ಇಲ್ಲಿನ ರೇಡಿಯಾಲಜಿಸ್ಟರ ಸಲಹೆಯ ಮೇರೆಗೇ. ಆಷಾಢ, ಶ್ರಾವಣದ ಮಳೆಯಲ್ಲಿ ಮಲೆನಾಡಿನ ಯಾವ ಮನೆಯಲ್ಲಿ ಕೆಮ್ಮು ನೆಗಡಿ ಇಲ್ಲ? ಸೋಂಕಿದ್ದಾಗ ಸ್ಕ್ಯಾನ್ ಮಾಡಿದರೆ ಹೊಸ ಮಸುಕುಗಳು ಕಂಡು, ಅವು ಏನೆಂದು ತಿಳಿಯಲು ಮತ್ತೊಂದು ಸ್ಕ್ಯಾನಿಗೆ ಓಡಬೇಕಾಗುತ್ತದೆ. ಕೆಮ್ಮು ಪೂರ್ತಿ ವಾಸಿಯಾಗಿ ಒಂದೂವರೆ ತಿಂಗಳಾದ ಮೇಲೆ ಬನ್ನಿ, ನಿಮ್ಮ ಗಂಟಿಗೆ ಅಷ್ಟು ಅವಸರವಿಲ್ಲ ಎಂದು ಅವರು ಹೇಳಿದರು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸಿದ ಆ ಮಾತಿನಿಂದ ನನಗೆ ಈ ಕೇಂದ್ರದ ಮೇಲೆ ನಂಬಿಕೆ ಗಟ್ಟಿಯಾಯಿತು.

ಮುಂದಿನದು 2026ರ ಸೆಪ್ಟೆಂಬರ್‌ನಲ್ಲಿ. ಹಿಂದಿನ ಎಲ್ಲ ಸೀಡಿಗಳಿಗೂ ತಾರೀಖು ಬರೆದು, ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ, ತೇವ ತಾಗದಂತೆ ಅಟ್ಟದ ಮೇಲಿನ ಡಬ್ಬಿಯಲ್ಲಿ ಇಟ್ಟಿದ್ದೇನೆ; ಅದು ಎಲ್ಲಿದೆಯೆಂದು ಮಗಳಿಗೂ ತೋರಿಸಿದ್ದೇನೆ. ಅಷ್ಟರೊಳಗೆ ಕೇಂದ್ರದವರು ಲಿಫ್ಟ್ ಸರಿಮಾಡಿಸಿರಲಿ.